‘ನಿಯಂತ್ರಣ ತಪ್ಪಿ’ ಎನ್ನುವ ಮುನ್ನ ಮುಂದಿನ ಆಕ್ಸಲ್ ನೋಡಿ

ಮಾನ್ಯ ಸಂಪಾದಕರೇ,

ಲಾರಿ ಅಪಘಾತದ ಸುದ್ದಿ ಎಂದರೆ ‘ಚಾಲಕನ ನಿಯಂತ್ರಣ ತಪ್ಪಿ’ ಎಂಬ ಮಾತು ಇದ್ದೇ ಇರುತ್ತದೆ. ನಿದ್ದೆ, ಅತಿವೇಗ, ಬ್ರೇಕ್, ಟೈರ್ ಹೀಗೆ ನಿಯಂತ್ರಣ ತಪ್ಪಲು ಹಲವು ಕಾರಣ. ಹಳೆಯ ಲಾರಿಗಳಲ್ಲಿ ಇವುಗಳ ಜೊತೆ ಇನ್ನೊಂದನ್ನೂ ಸೇರಿಸಿಕೊಳ್ಳಬೇಕು: ಸ್ಟೀರಿಂಗ್ ಚಕ್ರದಿಂದ ಮುಂದಿನ ಗಾಲಿಯವರೆಗಿನ ಕೀಲುಗಳ ಸವೆತ. ಈ ಸವೆತ ರಾತ್ರೋರಾತ್ರಿ ಬರುವುದಿಲ್ಲ. ತಿಂಗಳಿಗಿಷ್ಟು ಹೆಚ್ಚುತ್ತಾ ಹೋಗುತ್ತದೆ, ಚಾಲಕನ ಕೈ ಅದಕ್ಕೆ ಒಗ್ಗುತ್ತಾ ಹೋಗುತ್ತದೆ. ಹೊಸಬರು ಕೂತಾಗ ಮಾತ್ರ ‘ಇದೇನು, ಗಾಡಿ ಹೀಗೆ ಅಡ್ಡಾಡುತ್ತಿದೆ’ ಎಂದು ಬೆಚ್ಚುತ್ತಾರೆ. ಉಕ್ಕಿನ ತೊಲೆಯಂಥ ಮುಂದಿನ ಆಕ್ಸಲ್, ಪಟ್ಟಿಗಳನ್ನು ಪೇರಿಸಿದ ಲೀಫ್ ಸ್ಪ್ರಿಂಗ್ ಮತ್ತು ಮುಂದಿನ ಗಾಲಿ ಎಡಬಲಕ್ಕೆ ತಿರುಗಲು ಆಧಾರವಾದ ಕಿಂಗ್ ಪಿನ್ ಇರುವ ಹಳೆಯ ಲಾರಿಗಳನ್ನು ಓಡಿಸುವವರು, ಇಟ್ಟುಕೊಂಡವರು, ದುರಸ್ತಿ ಮಾಡುವವರು ಈ ಪತ್ರ ಓದಲಿ ಎಂಬುದು ನಮ್ಮ ಆಸೆ.

ಸ್ಟೀರಿಂಗ್‌ನಲ್ಲಿ ಪ್ಲೇ, ಅಂದರೆ ಸಡಿಲ, ಬಂತು ಎಂದ ಕೂಡಲೇ ಚಕ್ರದ ತಿರುವನ್ನು ಗಾಲಿಯ ಕಡೆಗೆ ಸಾಗಿಸುವ ಸ್ಟೀರಿಂಗ್ ಬಾಕ್ಸ್ ಮೇಲಿನ ಅಡ್ಜಸ್ಟಿಂಗ್ ಸ್ಕ್ರೂಗೆ ಕೈ ಹಾಕುವ ಅಭ್ಯಾಸವಿದೆ. ಇದಕ್ಕಿಂತ ಕೆಟ್ಟ ಅಭ್ಯಾಸ ಈ ಕೆಲಸದಲ್ಲಿ ಬೇರೆ ಇಲ್ಲ. ಲಾರಿ ಹೆಚ್ಚು ಹೊತ್ತು ನೇರವಾಗಿಯೇ ಓಡುವುದರಿಂದ ಬಾಕ್ಸ್ ಒಳಗಿನ ಹಲ್ಲುಗಳು ನಡುಭಾಗದಲ್ಲಿ ಹೆಚ್ಚು ಸವೆಯುತ್ತವೆ, ಅಂಚಿನಲ್ಲಿ ಕಡಿಮೆ. ನಡುವಿನ ಸಡಿಲ ಪೂರ್ತಿ ಹೋಗುವಷ್ಟು ಬಿಗಿದರೆ ತಿರುವಿನಲ್ಲಿ ಬಾಕ್ಸ್ ಹಿಡಿದುಕೊಳ್ಳುತ್ತದೆ. ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ನಿಜವಾಗಿ ಸವೆದ ಬಾಲ್ ಜಾಯಿಂಟ್ (ಸರಳುಗಳ ತುದಿಯ ಗುಂಡು ಕೀಲು) ಅಥವಾ ಕಿಂಗ್ ಪಿನ್ ಹಾಗೆಯೇ ಉಳಿದು, ಕೈಗೆ ಮಾತ್ರ ‘ಸರಿಹೋಯಿತು’ ಅನ್ನಿಸುತ್ತದೆ. ಬಾಕ್ಸ್‌ನ ಸರದಿ ಕೊನೆಯದು.

ಹಾಗಾದರೆ ಮೊದಲು ಎಲ್ಲಿ ನೋಡಬೇಕು? ಲಾರಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಗಾಲಿಗಳು ನೆಲದ ಮೇಲೆಯೇ ಇರಲಿ. ಒಬ್ಬರು ಒಳಗೆ ಕೂತು ಸ್ಟೀರಿಂಗ್ ಚಕ್ರವನ್ನು ಎಡಕ್ಕೂ ಬಲಕ್ಕೂ ಸ್ವಲ್ಪ ಸ್ವಲ್ಪವೇ ಆಡಿಸುತ್ತಿರಬೇಕು. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಇರಲಿ, ಇಲ್ಲದಿದ್ದರೆ ಅಳತೆ ದಾರಿ ತಪ್ಪಿಸುತ್ತದೆ. ಗಾಲಿ ಮಿಸುಕುವ ಮೊದಲು ಚಕ್ರದ ಅಂಚು ಎಷ್ಟು ಖಾಲಿ ತಿರುಗುತ್ತದೆ ಎಂದು ಟೇಪ್ ಹಿಡಿದು ಅಳೆಯಿರಿ. ಅಳತೆಯನ್ನು ಡಿಗ್ರಿಯಲ್ಲಿ ನೋಡುವುದಾದರೆ, 500 ಮಿ.ಮೀ. ವ್ಯಾಸದ ಚಕ್ರದಲ್ಲಿ 10 ಡಿಗ್ರಿ ಎಂದರೆ ಅಂಚಿನಲ್ಲಿ ಸುಮಾರು 44 ಮಿ.ಮೀ. ಇನ್ನೊಬ್ಬರು ಕೆಳಗಿನಿಂದ ಒಂದೊಂದು ಕೀಲಿಗೂ ಬೆರಳು ಒತ್ತಿ ಹಿಡಿದು ನೋಡಬೇಕು: ಕಾಲಮ್‌ನ ಯುಜೆ ಕ್ರಾಸ್ (ಅಡ್ಡ ಕೀಲು), ಬಾಕ್ಸನ್ನು ಚಾಸಿಗೆ (ಲಾರಿಯ ಉಕ್ಕಿನ ಚೌಕಟ್ಟಿಗೆ) ಬಿಗಿದ ಬೋಲ್ಟುಗಳು, ಬಾಕ್ಸ್‌ನಿಂದ ಇಳಿಬಿದ್ದ ಡ್ರಾಪ್ ಆರ್ಮ್, ಅದನ್ನು ಗಾಲಿಯ ಕಡೆಗೆ ಜೋಡಿಸುವ ಡ್ರ್ಯಾಗ್ ಲಿಂಕ್‌ನ ಎರಡು ತುದಿ, ಎರಡು ಮುಂದಿನ ಗಾಲಿಗಳನ್ನು ಒಂದಕ್ಕೊಂದು ಜೋಡಿಸುವ ಟೈ ರಾಡ್‌ನ ಎರಡು ತುದಿ. ಕಣ್ಣಿಗೆ ಕಾಣದ ಅಲುಗಾಟ ಬೆರಳಿಗೆ ಸಿಗುತ್ತದೆ. ಬಾಕ್ಸೇ ಚಾಸಿಯ ಮೇಲೆ ಕದಲುತ್ತಿದ್ದರೆ ಬೋಲ್ಟ್ ಬಿಗಿದು ಸುಮ್ಮನಾಗಬೇಡಿ. ಆ ಜಾಗದ ಮಣ್ಣು, ಎಣ್ಣೆ ಕೆರೆದು ಚಾಸಿಯಲ್ಲಿ ಬಿರುಕು ಇದೆಯೇ ನೋಡಿ.

ಆಮೇಲೆ ಹಿಂದಿನ ಗಾಲಿಗಳಿಗೆ ಅಡ್ಡೆ ಕೊಟ್ಟು, ಆಕ್ಸಲ್ ಕೆಳಗೆ ಜಾಕಿ ಇಟ್ಟು ಮುಂದಿನ ಗಾಲಿ ಎತ್ತಿ, ಸ್ಟ್ಯಾಂಡ್ ಕೊಡಿ. ಜಾಕಿಯೊಂದನ್ನೇ ನಂಬಿ ಕೆಳಗೆ ನುಸುಳಬಾರದು. ಟೈರ್‌ನ ಮೇಲ್ತುದಿ ಕೆಳತುದಿ ಹಿಡಿದು ಒಳಕ್ಕೂ ಹೊರಕ್ಕೂ ಆಡಿಸಿ. ಅಲುಗಿದರೆ ಅದು ಬೇರಿಂಗೋ ಕಿಂಗ್ ಪಿನ್ನೋ? ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಆಡಿಸಿ. ಅಲುಗಾಟ ಮಾಯವಾದರೆ ಗಾಲಿಯ ನಡುವಿನ ಹಬ್ ಬೇರಿಂಗ್ ಸಡಿಲ. ಹಾಗೆಯೇ ಉಳಿದರೆ ಕಿಂಗ್ ಪಿನ್ ಅಥವಾ ಅದರ ಸುತ್ತಲಿನ ಬುಷ್ (ಕೊಳವೆಯಂಥ ಒಳಪದರ) ಸವೆದಿದೆ. ಬಳಿಕ ಟೈರ್ ಕೆಳಗೆ ಉದ್ದನೆಯ ಹಾರೆ ಕೊಟ್ಟು ಮೇಲಕ್ಕೆ ಮೀಟಿ. ಗಾಲಿ ಹೊತ್ತು ಕಿಂಗ್ ಪಿನ್ ಮೇಲೆ ತಿರುಗುವ ಸ್ಟಬ್ ಆಕ್ಸಲ್ ಮೇಲೆ ಕೆಳಗೆ ಕುಣಿದರೆ ಅಲ್ಲಿ ಭಾರ ಹೊರುವ ಥ್ರಸ್ಟ್ ಬೇರಿಂಗ್ ಸವೆದಿದೆ, ಇಲ್ಲವೇ ಸಂದಿ ತುಂಬುವ ತೆಳು ಬಿಲ್ಲೆಯಾದ ಶಿಮ್ ಸಾಲದಾಗಿದೆ.

ಕಿಂಗ್ ಪಿನ್ ಕೆಲಸದಲ್ಲಿ ಹೆಚ್ಚಿನ ತಪ್ಪುಗಳು ಬಿಚ್ಚುವಾಗಲೇ ಆಗುತ್ತವೆ. ಗಾಲಿ, ಹಬ್, ಡ್ರಮ್ ತೆಗೆದ ಮೇಲೆ ಬ್ರೇಕ್ ಪ್ಲೇಟನ್ನು ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ ತೂಗುಹಾಕಿ, ಬ್ರೇಕ್ ಹೋಸ್ ಮೇಲೆ ಅದರ ಭಾರ ಬೀಳಬಾರದು. ಟೈ ರಾಡ್ ಬಿಡಿಸಿ, ಮೇಲೆ ಕೆಳಗಿನ ಕ್ಯಾಪ್ ತೆಗೆಯಿರಿ. ಪಿನ್ನನ್ನು ಆಕ್ಸಲ್ ಕಣ್ಣಿನಲ್ಲಿ (ಆಕ್ಸಲ್ ತುದಿಯ ತೂತಿನಲ್ಲಿ) ಹಿಡಿದಿಡುವ ಲಾಕ್ ಪಿನ್ ಒಂದು ಕಡೆ ದಪ್ಪ, ಒಂದು ಕಡೆ ಸಪೂರ. ಅದರ ನಟ್ ಸಡಿಲಿಸಿ ಥ್ರೆಡ್ ಇರುವ ಸಪೂರ ತುದಿಯಿಂದ ಹೊಡೆದರೆ ಬಿಡುತ್ತದೆ. ಉಲ್ಟಾ ಹೊಡೆದರೆ ಇನ್ನಷ್ಟು ಕಚ್ಚಿಕೊಳ್ಳುತ್ತದೆ. ವರ್ಷಗಟ್ಟಲೆ ಗ್ರೀಸ್ ಕಾಣದ ಕಿಂಗ್ ಪಿನ್ ಸುಲಭಕ್ಕೆ ಬರುವುದಿಲ್ಲ. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಿ, ಹೈಡ್ರಾಲಿಕ್ ಪ್ರೆಸ್ ಬಳಸಿ. ಗ್ಯಾಸ್ ಕಟರ್‌ನಿಂದ ಆಕ್ಸಲ್ ಕಣ್ಣನ್ನು ಕೆಂಪಗೆ ಕಾಯಿಸುವುದು ಮಾತ್ರ ಬೇಡವೇ ಬೇಡ. ಆಕ್ಸಲ್ ಹದ ಕೊಟ್ಟ ಫೋರ್ಜಿಂಗ್ ಉಕ್ಕು. ಕೆಂಪಗಾದರೆ ಹದ ಹೋಗುತ್ತದೆ, ಹೊರಗಿನಿಂದ ಅದರ ಗುರುತೂ ಸಿಗುವುದಿಲ್ಲ.

ಹಳೆಯ ಪಿನ್ ಬಂದ ಮೇಲೆ ಹೊಸದನ್ನು ಹಾಕುವ ಅವಸರ ಬೇಡ. ಆಕ್ಸಲ್ ಕಣ್ಣನ್ನು ಚೊಕ್ಕ ಒರೆಸಿ, ಹೊಸ ಪಿನ್ನನ್ನು ಬರೀ ಅದರಲ್ಲಿ ತೂರಿಸಿ ಅಲುಗಿಸಿ ನೋಡಿ. ಹೊಸ ಪಿನ್ನೇ ಅಲ್ಲಿ ಲೊಡಲೊಡ ಎಂದರೆ ಕಣ್ಣೇ ಅಗಲವಾಗಿದೆ. ಆಗ ಕಣ್ಣು ಬೋರ್ ಮಾಡಿಸಿ ಸ್ಲೀವ್ ಕೂರಿಸಬೇಕು ಅಥವಾ ಓವರ್‌ಸೈಜ್ ಪಿನ್ ಹಾಕಬೇಕು. ತಗಡಿನ ಚೂರು ಸುತ್ತಿ ಕೂರಿಸಿದರೆ ಹೊಸ ಕಿಟ್ ಹಾಕಿಯೂ ಹಾಕದಂತೆ. ‘ಕಿಟ್ ಹಾಕಿ ಮೂರು ತಿಂಗಳೂ ಆಗಲಿಲ್ಲ, ಮತ್ತೆ ಅಲುಗುತ್ತಿದೆ’ ಎಂಬ ದೂರಿನ ಹಿಂದೆ ಬಹಳ ಸಲ ಇರುವುದು ಇದೇ.

ಒಂದು ಕಿಟ್‌ನಲ್ಲಿ ಸಾಮಾನ್ಯವಾಗಿ 2 ಪಿನ್, 4 ಬುಷ್, 2 ಥ್ರಸ್ಟ್ ಬೇರಿಂಗ್, 2 ಲಾಕ್ ಪಿನ್, ಶಿಮ್‌ಗಳು ಮತ್ತು ಕ್ಯಾಪ್‌ಗಳು ಇರುತ್ತವೆ. ಒಂದು ಕಡೆ ಮಾತ್ರ ಸವೆದಿದ್ದರೂ ಎರಡೂ ಕಡೆ ಬದಲಿಸಿ. ಬುಷ್ ಒತ್ತುವಾಗ ಅದರ ತೂತು ಗ್ರೀಸ್ ನಿಪ್ಪಲ್‌ನ ತೂತಿಗೆ ಸರಿಯಾಗಿ ಎದುರಾಗಬೇಕು. ಚೂರು ತಿರುಗಿ ಕೂತರೂ ದಾರಿ ಮುಚ್ಚಿ, ಎಷ್ಟು ಗ್ರೀಸ್ ಹೊಡೆದರೂ ಪಿನ್ನಿಗೆ ತಲುಪುವುದಿಲ್ಲ. ಒತ್ತಿದ ಮೇಲೆ ನಿಪ್ಪಲ್ ತೂತಿನಿಂದ ತೆಳು ತಂತಿ ತೂರಿಸಿ ಒಳಗೆ ಕಾಣುತ್ತದೆಯೇ ಎಂದು ಖಚಿತಪಡಿಸಿಕೊಳ್ಳಿ. ತೂತನ್ನು ಅಳತೆಗೆ ಕೊರೆಯುವ ರೀಮರ್ ಹೊಡೆಯುವಾಗ ಮೇಲಿನ ಬುಷ್, ಕೆಳಗಿನ ಬುಷ್ ಬೇರೆ ಬೇರೆಯಾಗಿ ಮಾಡಬೇಡಿ. ಪೈಲಟ್ (ದಾರಿ ಹಿಡಿಸುವ ತುದಿ) ಇರುವ ಉದ್ದ ರೀಮರ್ ಒಂದು ಬುಷ್ಷಿನ ಆಸರೆಯಲ್ಲಿ ಇನ್ನೊಂದನ್ನು ಕೊರೆಯಬೇಕು, ಆಗಲೇ ಎರಡೂ ಒಂದೇ ಗೆರೆಯಲ್ಲಿ ಬರುತ್ತವೆ. ಎಣ್ಣೆ ಸವರಿದ ಪಿನ್ ಹೆಬ್ಬೆರಳ ಒತ್ತಿಗೆ ಇಳಿಯಬೇಕು, ತನ್ನ ಭಾರಕ್ಕೇ ಜಾರಿ ಬೀಳಬಾರದು. ಎಮರಿ ಕಾಗದ ಸುತ್ತಿದ ಕೋಲಿನಿಂದ ಬುಷ್ ಉಜ್ಜಿ ಹೊಂದಿಸಿದರೆ ತೂತು ದುಂಡಗೆ ಉಳಿಯುವುದಿಲ್ಲ, ಎಮರಿ ಪುಡಿಯೂ ಬುಷ್ಷಿನಲ್ಲಿ ಕಚ್ಚಿಕೊಂಡು ಹೊಸ ಪಿನ್ನನ್ನು ತಿನ್ನುತ್ತದೆ.

ಥ್ರಸ್ಟ್ ಬೇರಿಂಗ್ ಕೂರುವುದು ಆಕ್ಸಲ್ ಕಣ್ಣಿನ ಕೆಳಗೆ. ಅದರ ಮುಚ್ಚಿದ ಕವಚ ಮೇಲಕ್ಕಿರಲಿ, ನೀರು ಕೆಸರು ಒಳಗಿಳಿಯದಿರಲಿ ಎಂದೇ ಅದನ್ನು ಹಾಗೆ ಮಾಡಿರುವುದು. ಶಿಮ್ ಹಾಕುವಾಗ ಸ್ಟಬ್ ಆಕ್ಸಲನ್ನು ಕೆಳಗಿನಿಂದ ಜಾಕಿಯಲ್ಲಿ ಒತ್ತಿ, ಮೇಲಿನ ಸಂದಿಗೆ ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಪಟ್ಟಿ) ಹಿಡಿದು ಅಳೆಯಿರಿ. ಆ ಲಾರಿಯ ಕೈಪಿಡಿಯಲ್ಲಿರುವ ಅಂಕಿಯೇ ಅಂತಿಮ. ಕೂಡಿಸಿದ ಮೇಲೆ ಸ್ಟಬ್ ಆಕ್ಸಲ್ ಕೈಯಲ್ಲಿ ತಳ್ಳಿದರೆ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಲ್ಲೂ ಹಿಡಿಯದೆ ತಿರುಗಬೇಕು. ಲಾಕ್ ಪಿನ್ ಕೂರಬೇಕಾದರೆ ಕಿಂಗ್ ಪಿನ್ನಿನ ಕಚ್ಚು ಅದರ ತೂತಿಗೆ ಎದುರಾಗಿರಬೇಕು. ಓರೆಯಾಗಿದ್ದಾಗ ಬಲವಂತವಾಗಿ ಹೊಡೆದರೆ ಎರಡೂ ಹಾಳು.

ಟೈ ರಾಡ್ ತುದಿ ಬದಲಿಸುವುದು ಇಷ್ಟು ಕಷ್ಟದ ಕೆಲಸವಲ್ಲ. ಆದರೆ ಅದು ಕಳಚಿದರೆ ಎರಡು ಗಾಲಿ ಎರಡು ದಿಕ್ಕಿಗೆ ಹೋಗುತ್ತವೆ ಎಂಬುದು ನೆನಪಿರಲಿ. ಬಿಚ್ಚುವ ಮೊದಲು ಒಂದು ಬಾಲ್‌ನ ನಡುವಿನಿಂದ ಇನ್ನೊಂದರ ನಡುವಿನವರೆಗಿನ ಉದ್ದ ಬರೆದುಕೊಳ್ಳಿ. ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಇರುವುದರಿಂದ ಅಂಗಡಿಯಿಂದ ತರುವಾಗಲೇ ಎರಡೂ ಬಗೆ ಇದೆಯೇ ನೋಡಿ. ಸ್ಟೀರಿಂಗ್ ಆರ್ಮ್‌ನ ತೂತಿನಲ್ಲಿ ಕಚ್ಚಿ ಕೂತ ಸ್ಟಡ್‌ನ ಟೇಪರ್ (ತುದಿಯತ್ತ ಸಪೂರವಾಗುವ ಭಾಗ) ಬಿಡಿಸಲು ಅದರ ತುದಿಗೆ ಸುತ್ತಿಗೆ ಹೊಡೆಯಬೇಡಿ, ಪುಲ್ಲರ್ ಹಾಕಿ. ಪುಲ್ಲರ್ ಇಲ್ಲದಿದ್ದರೆ ಆರ್ಮ್‌ನ ಕಣ್ಣಿನ ಒಂದು ಬದಿಗೆ ಭಾರದ ಸುತ್ತಿಗೆ ಆನಿಸಿ, ಎದುರು ಬದಿಗೆ ಇನ್ನೊಂದರಿಂದ ಹೊಡೆದರೆ ಕಳಚುತ್ತದೆ. ಹೊಸದು ಹಾಕುವಾಗ ಟೇಪರ್ ಎರಡೂ ಒಣಗಿರಲಿ, ಗ್ರೀಸ್ ಸವರಬೇಡಿ. ಸ್ಟಡ್ ಹೆಚ್ಚು ಆಳಕ್ಕೆ ಇಳಿದರೆ ಅಥವಾ ಅಲುಗಿದರೆ ಆರ್ಮ್‌ನ ತೂತು ಸವೆದಿದೆ, ಆರ್ಮ್ ಸಹ ಬದಲಾಗಬೇಕು. ಕ್ಯಾಸಲ್ ನಟ್ಟನ್ನು ಹೇಳಿದ ಟಾರ್ಕ್‌ಗೆ ಬಿಗಿದಾಗ ಸ್ಪ್ಲಿಟ್ ಪಿನ್ ತೂತು ಎದುರಾಗದಿದ್ದರೆ ಇನ್ನೂ ಸ್ವಲ್ಪ ಬಿಗಿಯಿರಿ, ಸಡಿಲಿಸಿ ಹೊಂದಿಸಬಾರದು. ಹಳೆಯ ಸ್ಪ್ಲಿಟ್ ಪಿನ್ ನೇರ ಮಾಡಿ ಮತ್ತೆ ಹಾಕುವುದು, ಅದರ ಜಾಗದಲ್ಲಿ ತಂತಿಯೋ ಮೊಳೆಯೋ ತೂರಿಸುವುದು ಅಕ್ಷಮ್ಯ. ಇನ್ನೊಂದು ಮಾತು: ತುದಿಯ ಥ್ರೆಡ್ ಟ್ಯೂಬಿನ ಸೀಳನ್ನು ದಾಟಿ ಒಳಗೆ ಹೋಗಿರಬೇಕು. ಇಲ್ಲದಿದ್ದರೆ ಕ್ಲ್ಯಾಂಪ್ ಹಿಡಿಯುವುದು ನಾಲ್ಕೇ ಸುತ್ತು ಥ್ರೆಡ್ಡನ್ನು.

ಸ್ಪ್ರಿಂಗ್ ಬಗ್ಗೆ ಹೇಳಬೇಕಾದರೆ, ಮುರಿದ ಪಟ್ಟಿ ಯಾರ ಕಣ್ಣಿಗಾದರೂ ಬೀಳುತ್ತದೆ. ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟ್ ತುಂಡಾದರೆ ಕಣ್ಣಿಗೆ ಬೀಳುವುದಿಲ್ಲ. ಅದು ಹೋದರೆ ಆಕ್ಸಲ್ ಒಂದು ಕಡೆ ಹಿಂದೆ ಸರಿಯುತ್ತದೆ, ಲಾರಿ ಆ ಕಡೆಗೇ ಎಳೆಯುತ್ತದೆ. ಮುಂದಿನ ಹಬ್‌ನಿಂದ ಹಿಂದಿನ ಹಬ್‌ವರೆಗೆ ಎಡದಲ್ಲೂ ಬಲದಲ್ಲೂ ಅಳೆದು ಹೋಲಿಸಿದರೆ ಗುಟ್ಟು ಹೊರಬರುತ್ತದೆ. ಸ್ಪ್ರಿಂಗ್ ತುದಿಯನ್ನು ಚಾಸಿಗೆ ಜೋಡಿಸುವ ಶ್ಯಾಕಲ್ ಪಿನ್ ಮತ್ತು ಬುಷ್‌ಗಳನ್ನು ಹಾರೆಯಿಂದ ಮೀಟಿ ನೋಡಿ. ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಓರೆ ತುಂಡು ಇದ್ದರೆ ಅದರ ದಪ್ಪ ತುದಿ ಯಾವ ಕಡೆಗಿತ್ತು ಎಂದು ಬಣ್ಣದಿಂದ ಗುರುತು ಹಾಕಿ ಬಿಚ್ಚಿ. ಅದು ತಿರುಗಿ ಕೂತರೆ ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲಿರುವ ಕೋನ) ಉಲ್ಟಾ ಆಗಿ ಲಾರಿ ನೇರ ನಿಲ್ಲುವುದನ್ನೇ ಮರೆಯುತ್ತದೆ. ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿಯುವ ಯು ಬೋಲ್ಟ್‌ಗಳು ಒಮ್ಮೆ ಎಳೆದುಕೊಂಡವು, ಮತ್ತೆ ಬಳಸಬೇಡಿ. ಹೊಸವನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ, ಹಂತ ಹಂತವಾಗಿ ಬಿಗಿಯಿರಿ. ಶಾಕ್ ಅಬ್ಸಾರ್ಬರ್ ಎಣ್ಣೆ ಕಾರಿದ್ದರೆ ಜೋಡಿಯಾಗಿ ಬದಲಿಸಿ.

ಹಬ್ ಬೇರಿಂಗ್ ಹೊಂದಿಸುವಾಗ ಹಬ್ ತಿರುಗಿಸುತ್ತಲೇ ನಟ್ ಬಿಗಿದು, ಬಳಿಕ ಕೈಪಿಡಿ ಹೇಳಿದಷ್ಟು ಸಡಿಲಿಸಿ. ಡಯಲ್ ಗೇಜ್‌ನಲ್ಲಿ 0.025ರಿಂದ 0.125 ಮಿ.ಮೀ. ಒಳಗಿನ ಸಡಿಲ ಸಿಕ್ಕರೆ ಸಾಕು.

ಇಷ್ಟೆಲ್ಲ ಆದ ಮೇಲೆಯೇ ಅಲೈನ್‌ಮೆಂಟ್, ಅಂದರೆ ಗಾಲಿಗಳ ನೇರ ಹೊಂದಿಸುವುದು. ಸವೆದ ಕೀಲು ಇಟ್ಟುಕೊಂಡು ಅಲೈನ್‌ಮೆಂಟ್ ಮಾಡಿಸುವುದು ಹಣ ಚೆಲ್ಲಿದಂತೆ, ಏಕೆಂದು ಲೆಕ್ಕ ಹಾಕಿ. ಸ್ಟೀರಿಂಗ್ ಆರ್ಮ್ 200 ಮಿ.ಮೀ., ಟೈರ್‌ನ ತ್ರಿಜ್ಯ 500 ಮಿ.ಮೀ. ಇದ್ದರೆ, ಟೈ ರಾಡ್ ತುದಿಯ 1 ಮಿ.ಮೀ. ಸಡಿಲ ಟೈರ್ ಅಂಚಿನಲ್ಲಿ 2.5 ಮಿ.ಮೀ. ಆಗುತ್ತದೆ. ಹೊಂದಿಸುವ ಟೋ-ಇನ್ (ಗಾಲಿಗಳ ಮುಂಭಾಗ ಹಿಂಭಾಗಕ್ಕಿಂತ ಒಳಕ್ಕಿರುವ ಅಳತೆ) ಬಹಳ ಲಾರಿಗಳಲ್ಲಿ ಬರೀ ಕೆಲವು ಮಿ.ಮೀ. ತಾನೇ! ಯಂತ್ರ ಇಲ್ಲದ ಕಡೆಯೂ ಅಳೆಯಬಹುದು. ಗಾಲಿ ಎತ್ತಿ ತಿರುಗಿಸುತ್ತಾ ಟೈರ್ ನಡುವೆ ಸುಣ್ಣದ ಕಡ್ಡಿ ಹಿಡಿದು, ಅದರ ಮೇಲೆ ಮೊಳೆಯಿಂದ ತೆಳು ಗೆರೆ ಎಳೆಯಿರಿ. ಲಾರಿ ಇಳಿಸಿ, ಕೆಲವು ಅಡಿ ಮುಂದಕ್ಕೆ ತಳ್ಳಿ, ಹಬ್ ಎತ್ತರದಲ್ಲಿ ಹಿಂಬದಿಯ ಗೆರೆಗಳ ಅಂತರ ಅಳೆಯಿರಿ. ಅದೇ ಗುರುತು ಮುಂದೆ ಬರುವಂತೆ ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆಯಿರಿ. ಎರಡರ ವ್ಯತ್ಯಾಸವೇ ಟೋ. ಹಳೆಯ ಕೈಪಿಡಿಯ ಅಂಕಿ ನೈಲಾನ್ ಟೈರ್‌ಗೆ ಬರೆದದ್ದಾಗಿರಬಹುದು, ರೇಡಿಯಲ್ ಟೈರ್‌ಗೆ ಅದಕ್ಕಿಂತ ಕಡಿಮೆ ಟೋ-ಇನ್ ಸಾಕು. ಟೋ ತಪ್ಪಿದೆಯೇ ಎಂದು ಅಂಗೈಯೂ ಹೇಳುತ್ತದೆ. ಟೈರ್ ಮೇಲೆ ಅಡ್ಡಲಾಗಿ ಸವರಿದರೆ ಒಂದು ದಿಕ್ಕಿಗೆ ನುಣುಪು, ಇನ್ನೊಂದು ದಿಕ್ಕಿಗೆ ಗರಗಸದಂತೆ ಚುಚ್ಚಿದರೆ ಅದು ಟೋ ದೋಷ.

ಸ್ಟೀರಿಂಗ್ ಬಾಕ್ಸ್ ಸ್ಕ್ರೂ ಮುಟ್ಟುವುದಾದರೆ ಈಗ ಮುಟ್ಟಿ, ಡ್ರ್ಯಾಗ್ ಲಿಂಕ್ ಬಿಡಿಸಿ, ಚಕ್ರ ನಡುವಿನಲ್ಲಿಟ್ಟು. ಒಂದು ತುದಿಯಿಂದ ಇನ್ನೊಂದಕ್ಕೆ ತಿರುಗಿಸಿದಾಗ ಎಲ್ಲಾದರೂ ಹಿಡಿದರೆ ಬಾಕ್ಸ್ ಬಿಚ್ಚಿ ಒಳಗಿನ ಭಾಗ ಬದಲಿಸಬೇಕೇ ಹೊರತು ಇನ್ನಷ್ಟು ಬಿಗಿಯುವಂತಿಲ್ಲ. ಕೊನೆಗೆ ಎರಡೂ ಕಡೆ ಪೂರ್ತಿ ತಿರುಗಿಸಿ, ಟೈರ್ ಡ್ರ್ಯಾಗ್ ಲಿಂಕ್‌ಗೋ ಸ್ಪ್ರಿಂಗ್‌ಗೋ ತಾಗುತ್ತದೆಯೇ, ಬ್ರೇಕ್ ಹೋಸ್ ಎಳೆದುಕೊಳ್ಳುತ್ತದೆಯೇ ನೋಡಿ.

ಗ್ರೀಸ್ ಹೊಡೆಯುವಾಗ ಆಕ್ಸಲ್ ಎತ್ತಿರಲಿ. ಭಾರ ಬಿದ್ದಿದ್ದರೆ ಥ್ರಸ್ಟ್ ಬೇರಿಂಗ್ ಮುಖಕ್ಕೆ ಗ್ರೀಸ್ ಸರಿಯಾಗಿ ನುಗ್ಗುವುದಿಲ್ಲ. ಹಳೆಯ ಕಪ್ಪು ಗ್ರೀಸ್ ಹೊರಬಂದು ಹೊಸದು ಕಾಣುವವರೆಗೆ ಹೊಡೆಯಿರಿ. ನಿಪ್ಪಲ್ ಕಟ್ಟಿದ್ದರೆ ಬಿಟ್ಟು ಮುಂದೆ ಹೋಗಬೇಡಿ, ಬದಲಿಸಿ. ಲಾರಿ ಲೋಡ್ ಹೊತ್ತು 500 ಕಿ.ಮೀ. ಓಡಿದ ಮೇಲೆ ಒಮ್ಮೆ ವಾಪಸ್ ಕರೆಸಿ ಯು ಬೋಲ್ಟ್, ಲಾಕ್ ಪಿನ್ ನಟ್, ಟೈ ರಾಡ್ ಕ್ಲ್ಯಾಂಪ್ ಮೂರನ್ನೂ ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಯಬೇಕು. ಪಟ್ಟಿಗಳು, ಟೇಪರ್‌ಗಳು ತಮ್ಮ ಜಾಗ ಹಿಡಿದು ಕೂರುವುದು ಭಾರ ಬಿದ್ದ ಮೇಲೆಯೇ. ಆ ಅರ್ಧ ದಿನವನ್ನು ಮಾಲೀಕರು ಬಾಡಿಗೆಯ ಲೆಕ್ಕದಿಂದ ಬಿಟ್ಟುಕೊಡಲಿ ಎಂದು ಕೇಳಿಕೊಳ್ಳುತ್ತೇವೆ.

ಇಂತಿ,
ಲಾರಿ ದುರಸ್ತಿ ಬಲ್ಲ ಓದುಗರು