ಯುಪಿಎಸ್ ನೋಡಲು ಬಂದಿದ್ದ ಸರ್, ಥ್ಯಾಂಕ್ಸ್

ಪಕ್ಕದ ಆಫೀಸಿನ ಯುಪಿಎಸ್ ನೋಡಲು ಬಂದಿದ್ದಿರಿ, ನಮ್ಮ ನಿಧಾನದ ಸರ್ವರ್ ಸರಿಮಾಡಿಸಿ ಹೋದಿರಿ. ಹೆಸರು ಕೇಳುವುದನ್ನೇ ಮರೆತೆ. ಅದಕ್ಕೇ ಹೀಗೆ ಎಲ್ಲರ ಮುಂದೆ ಹೇಳುತ್ತಿದ್ದೇನೆ.

ನಮ್ಮ ಮುಖ್ಯ ಸರ್ವರ್‌ನಿಂದ ಫೈಲ್ ಸೆಕೆಂಡಿಗೆ 110 ಮೆಗಾಬೈಟ್‌ನಂತೆ ಓಡುತ್ತಿತ್ತು. ಬ್ಯಾಕಪ್ ಸರ್ವರ್‌ನಿಂದ 2 ಕೂಡ ದಾಟುತ್ತಿರಲಿಲ್ಲ. ಒಂದೇ ಮಾಡೆಲ್, ಕೇಬಲ್‌ಗಳೆಲ್ಲ ಬಂದು ಸೇರುವ ನೆಟ್‌ವರ್ಕ್ ಸ್ವಿಚ್ ಕೂಡ ಒಂದೇ. ಪಿಂಗ್ ಮಾಡಿದರೆ, ಅಂದರೆ ಪುಟ್ಟ ಸಂದೇಶ ಕಳಿಸಿ ಉತ್ತರ ಬರುತ್ತಾ ಅಂತ ನೋಡಿದರೆ, ಎರಡೂ ಸರಿ. ಡಿಸ್ಕ್ ಮೇಲೆ ಅನುಮಾನಪಟ್ಟು ಮೂರು ದಿನ ಸುಮ್ನೆ ಕಳೆದಿದ್ದೆ.

ನೀವು ಮೊದಲು ಐಪರ್ಫ್ ಓಡಿಸಿ ಅಂದಿರಿ. ಅದು ಡಿಸ್ಕ್ ಮುಟ್ಟದೆ ಬರೀ ನೆಟ್‌ವರ್ಕ್ ವೇಗ ಅಳೆಯುತ್ತದೆ. ಅಲ್ಲೂ ಆಮೆ ನಡಿಗೆ. ನೆಟ್‌ವರ್ಕ್ ಕಾರ್ಡ್ ಯಾವ ವೇಗದಲ್ಲಿದೆ ಅಂತ ತೋರಿಸುವ ಈಥ್‌ಟೂಲ್‌ನಲ್ಲಿ ನೋಡಿದರೆ ಸೆಕೆಂಡಿಗೆ 100 ಮೆಗಾಬಿಟ್, ಹಾಫ್ ಡ್ಯೂಪ್ಲೆಕ್ಸ್ (ಒಂದು ಸಲಕ್ಕೆ ಕಳಿಸುವುದು ಇಲ್ಲವೇ ಪಡೆಯುವುದು, ಒಂದೇ)! ಯಾರೋ ಸ್ವಿಚ್‌ನ ಆ ಪೋರ್ಟನ್ನು 100 ಫುಲ್ ಡ್ಯೂಪ್ಲೆಕ್ಸ್‌ಗೆ (ಕಳಿಸುವುದು, ಪಡೆಯುವುದು ಒಟ್ಟಿಗೇ) ಕಟ್ಟಿಹಾಕಿದ್ದರು. (ಯಾರೋ ಏನು, ನಾನೇ.) ಸರ್ವರ್ ಮಾತ್ರ ಆಟೋದಲ್ಲಿತ್ತು, ಅಂದರೆ ಎದುರಿನ ಪೋರ್ಟ್ ಜೊತೆ ಮಾತಾಡಿಕೊಂಡು ವೇಗ, ಡ್ಯೂಪ್ಲೆಕ್ಸ್ ಆರಿಸುವ ಸೆಟ್ಟಿಂಗ್. ಎದುರಿನಿಂದ ಮಾತುಕತೆ ಇಲ್ಲದಿದ್ದರೆ ಅದು ತಾನಾಗಿ ಹಾಫ್‌ಗೆ ಇಳಿಯುತ್ತದೆ. ಒಂದು ಕಡೆ ಸರದಿ ಕಾಯುತ್ತದೆ, ಇನ್ನೊಂದು ಕಾಯದೆ ಕಳಿಸುತ್ತಲೇ ಇರುತ್ತದೆ. ಡಿಕ್ಕಿ ಆಗದೆ ಇರುತ್ತಾ? ಪಿಂಗ್ ಪುಟಾಣಿ ಅಲ್ವಾ, ಸಂದಿಯಲ್ಲಿ ನುಸುಳಿಬಿಡುತ್ತದೆ.

ಎರಡೂ ಕಡೆ ಆಟೋ ಮಾಡಿದ ಕೂಡಲೇ 1000 ಫುಲ್ ಬಂತು. ಹತ್ತೇ ನಿಮಿಷದ ಕೆಲಸ. ದುಡ್ಡು ಕೊಡಲು ಹೋದರೆ ಬೇಡ ಅಂದು ಒಂದು ಕಾಫಿ ಮಾತ್ರ ಕುಡಿದಿರಿ, ಅದೂ ಸಕ್ಕರೆ ಇಲ್ಲದೆ. ಇನ್ನೊಮ್ಮೆ ಈ ಕಡೆ ಬಂದರೆ ಊಟಕ್ಕೇ ಬನ್ನಿ ಸರ್.