ಸಾಕ್ಷಿ ನುಡಿಯುವ ನಾಸ್ತಿಕನ ನಂಬಿಕೆ

ಮಾನ್ಯ ಸಂಪಾದಕರೇ,

ದೇವರನ್ನೇ ನಂಬದವರ ಮಾತನ್ನು ಜನ ನಂಬುವುದಾದರೂ ಹೇಗೆ ಎಂದು ಓದುಗರೊಬ್ಬರು ಇದೇ ಅಂಕಣದಲ್ಲಿ ಈಚೆಗೆ ಕೇಳಿದ್ದರು. ಅವರ ಪ್ರಶ್ನೆಯಲ್ಲಿ ಕುಹಕವಿರಲಿಲ್ಲ, ಕಳವಳವಿತ್ತು. ಹಾಗಾಗಿ, ಪ್ರಾಯಕ್ಕೆ ಬಂದಾಗಿನಿಂದ ದೇವರನ್ನು ನಂಬದೆಯೇ ಬದುಕಿದ ನಾನು ಉತ್ತರಿಸುವುದು ಸರಿಯೆನಿಸಿತು.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಹಿರಿಯರೊಬ್ಬರ ಮರಣಶಾಸನಕ್ಕೆ ನಾನು ಸಾಕ್ಷಿ ಹಾಕಿದ್ದೆ. ಅವರು ತೀರಿಕೊಂಡ ಮೇಲೆ ಮಕ್ಕಳಲ್ಲಿ ವ್ಯಾಜ್ಯ ಹುಟ್ಟಿ, ನಾನು ಕೋರ್ಟಿನ ಕಟಕಟೆ ಹತ್ತಬೇಕಾಯಿತು. ಗುಮಾಸ್ತರು ರೂಢಿಯಂತೆ ‘ದೇವರ ಮೇಲೆ ಪ್ರಮಾಣ ಮಾಡಿ’ ಎಂದು ಹೇಳಿಕೊಡತೊಡಗಿದಾಗ, ‘ಸತ್ಯನಿಷ್ಠೆಯಿಂದ ದೃಢೀಕರಿಸಿ ಹೇಳುತ್ತೇನೆ’ ಎಂದೆ. ಅವರು ಗಲಿಬಿಲಿಗೊಂಡು ನ್ಯಾಯಾಧೀಶರ ಮುಖ ನೋಡಿದರು. ಎದುರು ಪಕ್ಷದ ವಕೀಲರು, ‘ಮೇಷ್ಟ್ರಿಗೆ ದೇವರ ಭಯವೂ ಇಲ್ಲವೆಂದಾಯಿತು’ ಎಂದು ನಕ್ಕರು. ನ್ಯಾಯಾಧೀಶರು ನಗಲಿಲ್ಲ, ಬರೆದುಕೊಂಡು ವಿಚಾರಣೆ ಮುಂದುವರಿಸಿದರು. 1969ರ ಪ್ರಮಾಣ ಕಾಯ್ದೆ ಸಾಕ್ಷಿಗೆ ಎರಡೂ ದಾರಿಗಳನ್ನು ತೆರೆದಿಟ್ಟಿದೆ. ಯಾವ ದಾರಿ ಹಿಡಿದರೂ ಸತ್ಯ ಹೇಳುವ ಹೊಣೆ ಒಂದೇ, ಸುಳ್ಳಾಡಿದರೆ ಶಿಕ್ಷೆಯೂ ಒಂದೇ.

ಆ ಹಿರಿಯರು ಲಿಂಗಪೂಜೆಯಾಗದೆ ನೀರು ಮುಟ್ಟದವರು. ನಾನು ಗುಡಿಗೆ ಹೋಗುವವನಲ್ಲವೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಸಾಕ್ಷಿ ಬೇಕಾದಾಗ ತಮ್ಮ ಜೊತೆ ಪೂಜೆಗೆ ಕೂರುವ ನೆಂಟರನ್ನು ಬಿಟ್ಟು ನನ್ನನ್ನು ಕರೆದರು. ನಮ್ಮ ಭಾಷೆಯಲ್ಲಿ ‘ನಂಬಿಕಸ್ಥ’ ಎಂಬ ಮಾತಿದೆ. ಏನನ್ನೋ ನಂಬಿದವನಿಗೆ ಆ ಹೆಸರಲ್ಲ, ನಾವು ಯಾರನ್ನು ನಂಬಬಹುದೋ ಅವನಿಗೆ. ಅಂಗಡಿಯ ಗಲ್ಲಾಪೆಟ್ಟಿಗೆಗೆ ಆಳು ಹುಡುಕುವಾಗ ನಾವೆಲ್ಲರೂ ಈ ವ್ಯತ್ಯಾಸವನ್ನು ಸರಿಯಾಗಿಯೇ ಗುರುತಿಸುತ್ತೇವೆ; ಚರ್ಚೆಗೆ ಕುಳಿತಾಗ ಮಾತ್ರ ಮರೆಯುತ್ತೇವೆ.

ಪ್ರಶ್ನೆ ಹೊಸದಲ್ಲ. ಧಾರ್ಮಿಕ ಸಹಿಷ್ಣುತೆಯ ಪರವಾಗಿ ವಾದಿಸಿದ ಇಂಗ್ಲೆಂಡಿನ ಜಾನ್ ಲಾಕ್ ಕೂಡ 1689ರಲ್ಲಿ ಆ ಸಹಿಷ್ಣುತೆಯನ್ನು ನಾಸ್ತಿಕರವರೆಗೆ ಚಾಚಲಿಲ್ಲ. ವಚನಗಳಾಗಲಿ ಆಣೆಗಳಾಗಲಿ ಅವರನ್ನು ಕಟ್ಟಿಹಾಕಲಾರವು ಎಂಬುದು ಅವನ ಕಾರಣ. ಅದೇ ದೇಶದಲ್ಲಿ 1880ರಲ್ಲಿ ಸಂಸತ್ತಿಗೆ ಆಯ್ಕೆಯಾದ ಚಾರ್ಲ್ಸ್ ಬ್ರಾಡ್ಲಾ ಎಂಬ ನಾಸ್ತಿಕ, ದೇವರ ಹೆಸರಿಲ್ಲದೆ ಪ್ರತಿಜ್ಞೆ ಸ್ವೀಕರಿಸಲು ಅವಕಾಶ ಕೇಳಿದ್ದಕ್ಕಾಗಿ, ಮತದಾರರು ಮತ್ತೆ ಮತ್ತೆ ಗೆಲ್ಲಿಸಿ ಕಳಿಸಿದರೂ 1886ರವರೆಗೆ ತನ್ನ ಸ್ಥಾನದಲ್ಲಿ ನೆಲೆಯಾಗಿ ಕೂರಲಾಗಲಿಲ್ಲ. ಆ ಹಕ್ಕನ್ನು ಕೊಟ್ಟ ಕಾಯ್ದೆ 1888ರಲ್ಲಿ ಬಂತು. ಭಾರತದ ಪರವಾಗಿ ಅಲ್ಲಿ ದನಿಯೆತ್ತಿದ್ದ ಆತ 1891ರಲ್ಲಿ ತೀರಿಕೊಂಡಾಗ, ಲಂಡನ್ನಿನಲ್ಲಿ ಓದುತ್ತಿದ್ದ ಗಾಂಧೀಜಿ ಅಂತ್ಯಕ್ರಿಯೆಗೆ ಹೋಗಿದ್ದರು.

ನಮ್ಮ ಸಂವಿಧಾನ ಸಭೆಯಲ್ಲೂ ಈ ಮಾತು ಬಂತು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯನ್ನು ‘ದೇವರ ಹೆಸರಿನಲ್ಲಿ’ ಎಂದು ಆರಂಭಿಸಬೇಕೆಂದು ತಿದ್ದುಪಡಿ ಮಂಡಿಸಿದರು. ಅದನ್ನು ವಿರೋಧಿಸಿದ ಹೃದಯನಾಥ ಕುಂಜ್ರೂ ಅವರ ಅಳಲು, ಮನುಷ್ಯನ ಅಂತರಂಗದ ಅತಿ ಪವಿತ್ರ ಭಾವನೆಯನ್ನು ಸಭೆಯ ಚರ್ಚೆಗೆ ಎಳೆದು ತಂದರಲ್ಲ ಎಂಬುದಾಗಿತ್ತು. ಕಾಮತರು ಪಟ್ಟು ಬಿಡಲಿಲ್ಲ. ಮತ ಎಣಿಸಿದಾಗ ಪರವಾಗಿ 41, ವಿರುದ್ಧವಾಗಿ 68 ಬಂದವು. ವಿರೋಧಿಸಿದ 68 ಮಂದಿಯೂ ನಾಸ್ತಿಕರಾಗಿದ್ದರೆಂದು ಯಾರೂ ಹೇಳಲಾರರು. ಪ್ರಸ್ತಾವನೆಯಲ್ಲಿ ಉಳಿದ ಸಾಲು ‘ವಿಶ್ವಾಸ, ಧರ್ಮಶ್ರದ್ಧೆ ಮತ್ತು ಉಪಾಸನೆ’ಯ ಸ್ವಾತಂತ್ರ್ಯವನ್ನು ಬೇರೆಬೇರೆ ಪದಗಳಲ್ಲಿ ಹೇಳುತ್ತದೆ. ಧರ್ಮಶ್ರದ್ಧೆಯಿಲ್ಲದವನಿಗೂ ವಿಶ್ವಾಸವಿರಬಹುದೆಂದು ನಾನು ಅದನ್ನು ಓದಿಕೊಂಡಿದ್ದೇನೆ.

ಹಾಗಾದರೆ ನಾಸ್ತಿಕನ ವಿಶ್ವಾಸ ಯಾವುದರಲ್ಲಿ? ಆಂಧ್ರದ ಗೋರಾ, ಅಂದರೆ ಗೋಪರಾಜು ರಾಮಚಂದ್ರರಾವ್, ಇದಕ್ಕೆ ಬಾಳಿ ತೋರಿಸಿದ ಉತ್ತರದಂತಿದ್ದಾರೆ. 1940ರಲ್ಲಿ ಕೃಷ್ಣಾ ಜಿಲ್ಲೆಯ ಮುದುನೂರಿನಲ್ಲಿ ನಾಸ್ತಿಕ ಕೇಂದ್ರವನ್ನು ಕಟ್ಟಿ ಅಸ್ಪೃಶ್ಯತೆಯ ವಿರುದ್ಧ ದುಡಿದ ಅವರು, ಸೇವಾಗ್ರಾಮಕ್ಕೆ ಹೋಗಿ ಗಾಂಧೀಜಿಯವರೊಡನೆ ಮುಖಾಮುಖಿ ವಾದಿಸಿದವರು. ತಮ್ಮ ಹಿರಿಯ ಮಗಳನ್ನು ದಲಿತ ಯುವಕನಿಗೆ ಕೊಟ್ಟು ಮದುವೆ ಮಾಡಲು ನಿಶ್ಚಯಿಸಿದಾಗ, ಆಶ್ರಮದ ವಿಧಿಯಲ್ಲಿ ‘ದೇವರು’ ಎಂದಿರುವಲ್ಲಿ ‘ಸತ್ಯ’ ಎಂದು ಹೇಳಲು ಗಾಂಧೀಜಿ ಒಪ್ಪಿದರು. ಆ ಮದುವೆ ನಡೆದದ್ದು 1948ರ ಮಾರ್ಚ್‌ನಲ್ಲಿ. ಅದನ್ನು ನೋಡಲು ಗಾಂಧೀಜಿ ಉಳಿದಿರಲಿಲ್ಲ. ಒಬ್ಬರು ರಾಮನಾಮ ಬಿಡದವರು, ಇನ್ನೊಬ್ಬರು ಅದನ್ನು ಹಿಡಿಯದವರು. ಒಂದು ಪದದ ಬಳಿ ಇಬ್ಬರಿಗೂ ಸಂಧಿ ಸಾಧ್ಯವಾಯಿತು.

ಪತ್ರ ಬರೆದ ಓದುಗರ ಮುಂದೆ ನಾನು ಒಂದನ್ನು ಒಪ್ಪಿಕೊಳ್ಳಲೇಬೇಕು. ಮೂವತ್ತು ವರ್ಷ ಗಣಿತ ಕಲಿಸಿದವನು ನಾನು. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂದು ಸಾಧಿಸಿ ತೋರಿಸಬಲ್ಲೆ, ಆದರೆ ಸತ್ಯವನ್ನೇ ಏಕೆ ಹೇಳಬೇಕು ಎಂಬುದನ್ನು ಹಾಗೆ ಸಾಧಿಸಿ ತೋರಿಸಲಾರೆ. ರೇಖಾಗಣಿತ ಕೂಡ ಕೆಲವು ಸ್ವಯಂಸಿದ್ಧಗಳನ್ನು ಒಪ್ಪಿಕೊಂಡೇ ಆರಂಭವಾಗುತ್ತದೆ. ನನ್ನ ಬದುಕೂ ಅಷ್ಟೆ. ನನ್ನ ವಿಚಾರವಾದಿ ಗೆಳೆಯರಲ್ಲಿ ಕೆಲವರಿಗೆ ಈ ಮಾತು ಹಿಡಿಸುವುದಿಲ್ಲ. ತಮ್ಮದೆಲ್ಲವೂ ತರ್ಕ, ಪರರದೆಲ್ಲವೂ ಮೌಢ್ಯ ಎನ್ನುವ ಅವರು ತಮ್ಮ ನಾಯಕರ ಮಾತನ್ನು ಸಭೆಯಲ್ಲಿ ಯಾರಾದರೂ ಪ್ರಶ್ನಿಸಿದರೆ ಕೆಂಡವಾಗುವುದನ್ನು ನಾನು ಕಂಡಿದ್ದೇನೆ. ಅಂಥ ನಂಬಿಕೆಗೆ ಗುಡಿ ಇಲ್ಲದಿದ್ದರೂ ಗರ್ಭಗುಡಿ ಇದೆ.

ಇನ್ನು ದೇವರ ಆಣೆಯ ಬೆಲೆಯ ವಿಷಯ. ಧರ್ಮಸ್ಥಳಕ್ಕೆ ಬಂದು ಆಣೆ ಮಾಡಿ ಎಂದು ನಮ್ಮ ರಾಜಕಾರಣಿಗಳು ಒಬ್ಬರಿಗೊಬ್ಬರು ಸವಾಲು ಹಾಕುವುದನ್ನು ತಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ವಿಧಾನಸೌಧದಲ್ಲಿ ಅದೇ ದೇವರ ಹೆಸರಿನಲ್ಲಿ ಸ್ವೀಕರಿಸಿದ ಪ್ರಮಾಣ ಸಾಲದೆಂದು ಅವರೇ ಒಪ್ಪಿಕೊಂಡಂತಲ್ಲವೇ? ಇದನ್ನು ಹೇಳುವುದು ಭಕ್ತರನ್ನು ಹಳಿಯಲಿಕ್ಕಲ್ಲ. ಆಣೆಗೆ ಬೆಲೆ ಬರುವುದು ಆಡಿದವರ ನಡತೆಯಿಂದ ಎಂಬುದನ್ನು ನನಗಿಂತ ಚೆನ್ನಾಗಿ ಆ ಹಿರಿಯರು ತಿಳಿದಿದ್ದರು.

ಕಡೆಯದಾಗಿ ಒಂದು ಕೋರಿಕೆ. ನ್ಯಾಯಾಲಯದಲ್ಲಿ ಸಾಕ್ಷಿಗೆ ಪ್ರಮಾಣ ಬೋಧಿಸುವ ಮೊದಲು, ‘ದೇವರ ಹೆಸರಿನಲ್ಲೋ, ಸತ್ಯನಿಷ್ಠೆಯಿಂದಲೋ’ ಎಂದು ಸಿಬ್ಬಂದಿ ಕೇಳುವುದು ಎಲ್ಲೆಡೆ ವಾಡಿಕೆಯಾಗಲಿ. ಎರಡನೆಯ ದಾರಿ ಇದೆಯೆಂದೇ ತಿಳಿಯದೆ, ನಂಬದ ದೇವರ ಮೇಲೆ ಪ್ರಮಾಣ ಮಾಡಿ ಸತ್ಯ ಹೇಳಲು ಶುರುಮಾಡುವ ಸಾಕ್ಷಿಯ ಮೊದಲ ಮಾತೇ ಸುಳ್ಳಾಗಿರುತ್ತದೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗಣಿತ ಶಿಕ್ಷಕ, ತಿಪಟೂರು