ಇಂಜೆಕ್ಷನ್ ಬಿಟ್ಟು ಊರೂರು ಓಡಬೇಡಿ

ಮಾನ್ಯ ಸಂಪಾದಕರೇ,

ಎದೆನೋವು ಕಾಣಿಸಿದ ಕೂಡಲೇ ಆಸ್ಪಿರಿನ್, ಸಾರ್ಬಿಟ್ರೇಟ್, ಕೊಲೆಸ್ಟರಾಲ್ ಮಾತ್ರೆ ಮೂರನ್ನೂ ಒಟ್ಟಿಗೆ ತೆಗೆದುಕೊಳ್ಳಿ, ಪೊಟ್ಟಣ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಮೂರೂ ಒಂದೇ ಸಮನಲ್ಲ. ಆ ಹೊತ್ತಿನಲ್ಲಿ ಜೀವ ಉಳಿಸುತ್ತದೆಂದು ದೊಡ್ಡ ಅಧ್ಯಯನದಲ್ಲಿ ಸಾಬೀತಾಗಿರುವುದು ಆಸ್ಪಿರಿನ್ ಮಾತ್ರ. 1988ರಲ್ಲಿ ಪ್ರಕಟವಾದ ಐಸಿಸ್-2 ಅಧ್ಯಯನದಲ್ಲಿ ಹೃದಯಾಘಾತದ ಶಂಕೆಯಿದ್ದ 17,187 ಮಂದಿ ಇದ್ದರು. ಹೃದಯ, ರಕ್ತನಾಳದ ಕಾರಣಕ್ಕೆ ಐದು ವಾರಗಳೊಳಗೆ ತೀರಿಕೊಂಡವರು ಆಸ್ಪಿರಿನ್ ಸಿಗದವರಲ್ಲಿ ಶೇ 11.8, ಸಿಕ್ಕವರಲ್ಲಿ ಶೇ 9.4. ಹೃದಯದ ರಕ್ತನಾಳ ಮುಚ್ಚಿದ ರಕ್ತದ ಹೆಪ್ಪನ್ನು ಕರಗಿಸುವ ಸ್ಟ್ರೆಪ್ಟೊಕೈನೇಸ್ ಇಂಜೆಕ್ಷನ್ ಕೂಡ ಸಿಕ್ಕವರಲ್ಲಿ ಇದು ಶೇ 8ಕ್ಕೆ ಇಳಿದಿತ್ತು. ಎರಡೂ ಇಲ್ಲದವರಲ್ಲಿ ಶೇ 13.2.

ಮನೆಗಳಲ್ಲಿ ಇರುವ 75 ಮಿ.ಗ್ರಾಂ ಆಸ್ಪಿರಿನ್‌ಗೆ ಸಾಮಾನ್ಯವಾಗಿ ಕವಚ ಇರುತ್ತದೆ. ಹೊಟ್ಟೆ ದಾಟಿ ಕರುಳಿಗೆ ಹೋದ ಮೇಲೆ ಕರಗಲೆಂದೇ ಮಾಡಿದ್ದು. ಇಡಿಯಾಗಿ ನುಂಗಿದರೆ ಬೇಕಾದ ಹೊತ್ತಿಗೆ ಕೆಲಸ ಮಾಡದು. ನಾಲ್ಕು ಮಾತ್ರೆಯನ್ನು ಹಲ್ಲಿನಲ್ಲಿ ಪುಡಿಯಾಗುವಂತೆ ಅಗಿದು ನುಂಗಬೇಕು. ಆಸ್ಪಿರಿನ್ ಅಲರ್ಜಿ ಇರುವವರು, ರಕ್ತವಾಂತಿ ಅಥವಾ ಕಪ್ಪು ಮಲ ಆಗುತ್ತಿರುವವರು, ಬಾಯಿ ಸೊಟ್ಟಗಾಗಿ ಕೈಕಾಲು ಸೋತವರು ಮುಟ್ಟಬಾರದು.

ಸಾರ್ಬಿಟ್ರೇಟ್ ರಕ್ತನಾಳ ಹಿಗ್ಗಿಸುತ್ತದೆ, ನೋವು ತುಸು ತಗ್ಗಬಹುದು, ಹೆಪ್ಪು ಮಾತ್ರ ಕರಗದು. ನೋವು ತಗ್ಗಿತೆಂದು ಮನೆಯಲ್ಲೇ ಮಲಗಿಬಿಡುವುದು ನಮಗೆ ದೊಡ್ಡ ಚಿಂತೆ. ಬಿ.ಪಿ. ಕಡಿಮೆ ಇದ್ದವರಿಗೆ, ಹೃದಯದ ಬಲಭಾಗಕ್ಕೆ ಪೆಟ್ಟು ಬಿದ್ದವರಿಗೆ, ಹಿಂದಿನ ದಿನ ವಯಾಗ್ರದಂಥ ಮಾತ್ರೆ ನುಂಗಿದವರಿಗೆ ಇದರಿಂದ ಬಿ.ಪಿ. ಕುಸಿದು ಪ್ರಜ್ಞೆಯೇ ತಪ್ಪಬಹುದು. ವೈದ್ಯರು ಮೊದಲೇ ಬರೆದುಕೊಟ್ಟಿದ್ದರೆ ಕುಳಿತುಕೊಂಡು ಒಂದನ್ನು ನಾಲಿಗೆಯಡಿ ಇಡಿ. ಐದು ನಿಮಿಷಕ್ಕೆ ನೋವು ಹೋಗದಿದ್ದರೆ 108ಕ್ಕೆ ಕರೆ ಮಾಡಿ.

ಆಸ್ಪತ್ರೆ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ಆಗಬೇಕು. ಮೊದಲ ಇಸಿಜಿ ಸರಿಯಿದೆ ಎಂದಮಾತ್ರಕ್ಕೆ ‘ಗ್ಯಾಸ್ಟ್ರಿಕ್’ ಎಂದು ಮನೆಗೆ ಕಳಿಸುವುದು ತಪ್ಪು. ಹೆಪ್ಪು ಕಟ್ಟುತ್ತಾ ಬಿಡುತ್ತಾ ಇದ್ದರೆ ಗೆರೆ ಅರ್ಧ ಗಂಟೆಯಲ್ಲಿ ಬದಲಾಗಬಹುದು. ನೋವು ಇರುವಷ್ಟು ಹೊತ್ತೂ 15–30 ನಿಮಿಷಕ್ಕೊಮ್ಮೆ ಮತ್ತೆ ತೆಗೆಯಬೇಕು.

ಇಸಿಜಿಯಲ್ಲಿ ಎಸ್‌ಟಿ ಗೆರೆ ಮೇಲೆದ್ದಿದೆ (ರಕ್ತನಾಳ ಪೂರ್ತಿ ಮುಚ್ಚಿರುವ ಸೂಚನೆ), ಎರಡು ಗಂಟೆಯೊಳಗೆ ಆಂಜಿಯೊಪ್ಲಾಸ್ಟಿ (ಬಲೂನಿನಿಂದ ರಕ್ತನಾಳ ತೆರೆಯುವ ಚಿಕಿತ್ಸೆ) ಸಾಧ್ಯವಿಲ್ಲ ಎಂದಾದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ, ಆಗಲೇ ಆಗಬೇಕು. ರಾಜ್ಯದಲ್ಲಿ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಟೆನೆಕ್ಟೆಪ್ಲೇಸ್ ಎಂಬ ಈ ಇಂಜೆಕ್ಷನ್ ಉಚಿತ. ಆದರೂ ‘ಇಲ್ಲೇನೂ ಬೇಡ, ದೊಡ್ಡಾಸ್ಪತ್ರೆಗೇ ಕರ್ಕೊಂಡು ಹೋಗ್ತೀವಿ’ ಎಂದು ರೋಗಿಯನ್ನು ಕಾರಿಗೆ ಹತ್ತಿಸುವ ಮನೆಯವರಿದ್ದಾರೆ. ಪ್ರೀತಿಯಿಂದಲೇ ಮಾಡುತ್ತಾರೆ, ಆದರೆ ಆ ಮೂರು ಗಂಟೆಯ ದಾರಿಯಲ್ಲಿ ಹೃದಯದ ಸ್ನಾಯು ಸಾಯುತ್ತಲೇ ಇರುತ್ತದೆ. 2013ರ ಸ್ಟ್ರೀಮ್ ಅಧ್ಯಯನ ನಡೆದದ್ದು ಇಂಥವರ ಮೇಲೆಯೇ: ನೋವು ಶುರುವಾಗಿ ಮೂರು ಗಂಟೆಯೊಳಗೆ ಬಂದ, ಒಂದು ಗಂಟೆಯಲ್ಲಿ ಆಂಜಿಯೊಪ್ಲಾಸ್ಟಿ ಸಿಗದ 1,892 ರೋಗಿಗಳು. ಸಾವು, ಬಿ.ಪಿ. ಕುಸಿಯುವ ಶಾಕ್, ಹೃದಯ ವೈಫಲ್ಯ, ಮತ್ತೊಂದು ಆಘಾತ ಎಲ್ಲ ಸೇರಿ 30 ದಿನದಲ್ಲಿ ಇಂಜೆಕ್ಷನ್ ಗುಂಪಿನಲ್ಲಿ ಶೇ 12.4, ನೇರ ಆಂಜಿಯೊಪ್ಲಾಸ್ಟಿ ಗುಂಪಿನಲ್ಲಿ ಶೇ 14.3. ಮೆದುಳಿನ ರಕ್ತಸ್ರಾವ ಮಾತ್ರ ಇಂಜೆಕ್ಷನ್ ಪಡೆದವರಲ್ಲಿ ಹೆಚ್ಚು, ಶೇ 1. ಇನ್ನೊಂದು ಗುಂಪಿನಲ್ಲಿ ಶೇ 0.2. ಹಾಗಾಗಿ 75 ವರ್ಷ ದಾಟಿದವರಿಗೆ ಅಧ್ಯಯನದ ನಡುವೆಯೇ ಡೋಸ್ ಅರ್ಧಕ್ಕೆ ಇಳಿಸಿದರು.

ಟೆನೆಕ್ಟೆಪ್ಲೇಸ್ ಡೋಸ್ ರೋಗಿಯ ತೂಕಕ್ಕೆ ತಕ್ಕಂತೆ: 60 ಕೆ.ಜಿ.ಗಿಂತ ಕಡಿಮೆಯಿದ್ದರೆ 30 ಮಿ.ಗ್ರಾಂ, ಆಮೇಲೆ ಪ್ರತಿ 10 ಕೆ.ಜಿ.ಗೆ 5ರಂತೆ ಏರಿ, 90 ಮತ್ತು ಮೇಲ್ಪಟ್ಟವರಿಗೆ 50. ಒಂದೇ ಸಲಕ್ಕೆ, ಕೆಲವೇ ಸೆಕೆಂಡುಗಳಲ್ಲಿ ರಕ್ತನಾಳಕ್ಕೆ. ಡೆಕ್ಸ್‌ಟ್ರೋಸ್ (ಗ್ಲೂಕೋಸ್ ದ್ರವ) ಹರಿಯುತ್ತಿರುವ ಡ್ರಿಪ್ ಲೈನಿಗೆ ಹಾಕಿದರೆ ಔಷಧ ಮೊಸರಿನಂತೆ ಒಡೆಯುತ್ತದೆ. ಮೊದಲೂ ಆಮೇಲೂ ಸಲೈನ್‌ನಲ್ಲಿ ಲೈನ್ ತೊಳೆಯಬೇಕು.

ಹೆಪ್ಪು ಕರಗಿ ರಕ್ತ ಹರಿಯತೊಡಗಿದಾಗ ಮಾನಿಟರ್‌ನಲ್ಲಿ ಅಗಲವಾದ ಬಡಿತಗಳು ನಿಮಿಷಕ್ಕೆ 60–100ರ ಗತಿಯಲ್ಲಿ ಸಾಲಾಗಿ ಬರುವುದುಂಟು. ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಬಿ.ಪಿ. ಸರಿಯಿದ್ದರೆ ಅದಕ್ಕೆ ಔಷಧ ಬೇಡ, ತಾನಾಗಿಯೇ ನಿಲ್ಲುತ್ತದೆ. ಗೆರೆ ಚೆನ್ನಾಗಿ ಕಾಣಲೆಂದು ಔಷಧ ಸುರಿದರೆ ಏನಾಗುತ್ತದೆಂದು ಅಮೆರಿಕದ ಕ್ಯಾಸ್ಟ್ ಅಧ್ಯಯನ ತೋರಿಸಿತು. ಹೃದಯಾಘಾತದಿಂದ ಪಾರಾದವರ ಬಿಡಿಬಿಡಿ ತಪ್ಪು ಬಡಿತಗಳನ್ನು ಫ್ಲೆಕೈನೈಡ್, ಎನ್‌ಕೈನೈಡ್ ಸೊಗಸಾಗಿ ಅಡಗಿಸುತ್ತಿದ್ದವು. ಆದರೆ ಔಷಧ ಪಡೆದ 755 ಜನರಲ್ಲಿ 63 ಮಂದಿ ಸತ್ತರು, ಹುಸಿ ಮಾತ್ರೆ ಪಡೆದ 743 ಜನರಲ್ಲಿ 26. ಹೋಲ್ಟರ್ (ದಿನವಿಡೀ ತೆಗೆಯುವ ಇಸಿಜಿ) ವರದಿಯಲ್ಲಿ ‘ಎಕ್ಟೋಪಿಕ್’, ಅಂದರೆ ಇಂಥ ಬಿಡಿ ಬಡಿತ, ಎಂದು ಕಂಡೊಡನೆ ಮಾತ್ರೆ ಬರೆಸಿಕೊಳ್ಳಲು ಹಟ ಹಿಡಿಯುವವರು ಈ ಲೆಕ್ಕ ನೋಡಬೇಕು. ಹೃದಯ ಬಡಿಯದೆ ಬರೀ ಅದುರುವ, ಪ್ರಾಣಕ್ಕೆ ಕುತ್ತಾಗುವ ವೆಂಟ್ರಿಕ್ಯುಲರ್ ಫಿಬ್ರಿಲೇಷನ್ನಿಗೆ ಬೇಕಾದದ್ದು ತಕ್ಷಣದ ವಿದ್ಯುತ್ ಶಾಕ್. ಅದಕ್ಕೇ ಸ್ವಂತ ಕಾರಿಗಿಂತ ಆ ಶಾಕ್ ಕೊಡುವ ಯಂತ್ರ (ಡಿಫಿಬ್ರಿಲೇಟರ್) ಇರುವ ಆಂಬುಲೆನ್ಸ್ ಮೇಲು.

ಇಂಜೆಕ್ಷನ್ ಕೊಟ್ಟ ಮೇಲೆ ಅಲ್ಲೇ ಉಳಿಸಿಕೊಳ್ಳುವುದೂ ತಪ್ಪೇ. 60–90 ನಿಮಿಷಕ್ಕೆ ಎಸ್‌ಟಿ ಅರ್ಧದಷ್ಟು ಇಳಿಯದಿದ್ದರೆ ತುರ್ತು ಆಂಜಿಯೊಪ್ಲಾಸ್ಟಿ ಆಗಬೇಕು. ಸ್ಟ್ರೀಮ್‌ನಲ್ಲಿ ನೂರಕ್ಕೆ 36 ಮಂದಿಗೆ ತುರ್ತು ಆಂಜಿಯೊಗ್ರಾಂ (ಹೃದಯದ ರಕ್ತನಾಳದ ಎಕ್ಸ್‌ರೇ ಪರೀಕ್ಷೆ) ಬೇಕಾಯಿತು. ಇಳಿದವರಿಗೂ ಒಂದು ದಿನದೊಳಗೆ ಆಂಜಿಯೊಗ್ರಾಂ ಆಗಬೇಕು.

ತಾಲ್ಲೂಕು ಆಸ್ಪತ್ರೆಗಳ ಆಡಳಿತಕ್ಕೆ ನಮ್ಮ ಕೋರಿಕೆ ಇಷ್ಟು. ಟೆನೆಕ್ಟೆಪ್ಲೇಸ್ ವಯಲ್ ಬೀಗ ಹಾಕಿದ ಔಷಧ ಉಗ್ರಾಣದಲ್ಲಿರದೆ ಕ್ಯಾಶುವಾಲ್ಟಿಯಲ್ಲೇ ಇರಲಿ, ತೂಕದ ಪಟ್ಟಿ ಪಕ್ಕದ ಗೋಡೆಯ ಮೇಲಿರಲಿ. ಇಂಜೆಕ್ಷನ್ ಕೊಟ್ಟ ಗಂಟೆ, ನಿಮಿಷವನ್ನು ರೆಫರಲ್ ಚೀಟಿಯ ತಲೆಯಲ್ಲೇ ದಪ್ಪಗೆ ಬರೆದು ಕಳಿಸಿ. ಆ 90 ನಿಮಿಷದ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

— ಇಬ್ಬರು ಹೃದ್ರೋಗ ವೈದ್ಯರು, ಮೈಸೂರು